ಮರಗೆಣಸು ತಂದ ನಗು

ಹಾಲಿಲ್ಲದ ಚಹಾ, ಅದರಲ್ಲಿ ಅದ್ದಿದ ಎರಡು ರಸ್ಕು. ಎಪ್ಪತ್ತರ ದಶಕದ ಕೊನೆಯಲ್ಲಿ ಪುತ್ತೂರಿನ ಮನೆ ಬಿಟ್ಟು ಕಡಬದ ಶಾಲೆಗೆ ಅಧ್ಯಾಪಕಿಯಾಗಿ ಹೋದ ನನ್ನ ಊಟವೆಂದರೆ ಹೆಚ್ಚಿನ ದಿನ ಇಷ್ಟೇ. ಒಬ್ಬಳಿಗೋಸ್ಕರ ಒಲೆ ಹೊತ್ತಿಸುವುದು ದುಂದುಗಾರಿಕೆಯೆಂದು ನಂಬಿದ್ದೆ. ಹೊಟ್ಟೆಯೂ ಪಾಪ, ಕೆಲವು ದಿನ ಗೊಣಗಿ ಸುಮ್ಮನಾಯಿತು. ಸುಮ್ಮನಾಗದೆ ಉಳಿದದ್ದು ಮನಸ್ಸು. ಮಳೆಗಾಲ ಮುಗಿಯುವ ಹೊತ್ತಿಗೆ ಮಕ್ಕಳ ಗಲಾಟೆ ಕೇಳಿದರೆ ಕಣ್ಣು ತುಂಬುತ್ತಿತ್ತು, ನಾನು ಇಷ್ಟಪಟ್ಟು ಓದುತ್ತಿದ್ದ ಪದ್ಯಗಳೂ ರುಚಿಗೆಟ್ಟಿದ್ದವು, ಬೆಳಗಾದರೆ ಏಳಲು ಕಾರಣವೇ ಸಿಗುತ್ತಿರಲಿಲ್ಲ. ಈ ಕೆಲಸ ನನ್ನಿಂದಾಗದು, ಬಿಟ್ಟು ಹೋಗುವುದೇ ಸರಿ ಎಂದು ನಿಶ್ಚಯಿಸಿದೆ.

ಅದನ್ನು ಮೊದಲು ಹೇಳಿದ್ದು ಪಕ್ಕದ ಮನೆಯ ಏಲಿಯಮ್ಮನವರಿಗೆ. ಕೇರಳದಿಂದ ಬಂದು ರಬ್ಬರ್ ತೋಟ ಮಾಡಿದ್ದ ಕುಟುಂಬ ಅವರದು. ನನಗೆ ಅವರು ಚೇಚಿ, ಅಂದರೆ ಅಕ್ಕ. ಚೇಚಿ ಕಾರಣ ಕೇಳಲಿಲ್ಲ.

"ಟೀಚರೇ, ಮಧ್ಯಾಹ್ನ ಎಂತ ಉಂಡದ್ದು?"

"ಚಾ ಕುಡಿದೆ ಚೇಚಿ."

"ಚಾ ಕುಡಿಯುದು ಉಣ್ಣುದು ಅಲ್ಲ ಮಾರಾಯ್ರೆ. ಕೆಲಸ ಬಿಡುದನ್ನು ನಾಳೆ ನೋಡುವ. ಮರಗೆಣಸು ಬೆಂದು ಉಂಟು, ಮೀನು ಸಾರೂ ಉಂಟು. ಈಗ ಬನ್ನಿ."

ಆ ನಾಳೆ ಬರಲೇ ಇಲ್ಲ. ಸಂಜೆಯಾದರೆ ಅವರ ಅಡುಗೆಮನೆಯಲ್ಲಿ ಗಂಜಿ, ಹೆಸರುಕಾಳಿನ ಪಲ್ಯ, ಒಮ್ಮೆ ಬಸಳೆ, ಒಮ್ಮೆ ಬಂಗುಡೆ. ಚೇಚಿಯ ಒತ್ತಾಯಕ್ಕೆ ಪುತ್ತೂರಿನ ವೈದ್ಯರಲ್ಲಿಗೂ ಹೋದೆ. ಅವರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, "ರಕ್ತ ಕಮ್ಮಿ ಉಂಟು. ಮಾತ್ರೆ ತಕ್ಕೊಳ್ಳಿ, ಸೊಪ್ಪು ಕಾಳು ಬಿಡಬೇಡಿ" ಎಂದರು. ಮೊದಲು ನಿದ್ದೆ ಬಂತು, ನಿದ್ದೆಯ ಹಿಂದೆ ಹಸಿವು, ಹಸಿವಿನ ಹಿಂದೆ, ನೀವು ನಂಬುತ್ತೀರೋ ಇಲ್ಲವೋ, ಪದ್ಯಗಳೂ ಒಂದೊಂದಾಗಿ ಮರಳಿದವು. ಮನಸ್ಸೆಂಬುದು ಎಲ್ಲೋ ಆಕಾಶದಲ್ಲಿ ಹಾರಾಡುವ ವಸ್ತುವೆಂದು ತಿಳಿದಿದ್ದವಳಿಗೆ, ಅದರ ಬೇರು ಊಟದ ಬಟ್ಟಲಿನಲ್ಲೂ ಇದೆಯೆಂದು ಅರಿವಾದದ್ದು ಆಗಲೇ. ಗುಣಪಡಿಸಿದ್ದು ಗಂಜಿಯೋ, ಮಾತ್ರೆಯೋ, ಎದುರಿಗೆ ಕೂತು "ಇನ್ನೊಂದು ಸೌಟು" ಎನ್ನುತ್ತಿದ್ದ ಆ ಕೈಯೋ, ಬೇರ್ಪಡಿಸಿ ಹೇಳಲಾರೆ.

ಒಂದು ಭಾನುವಾರ ಚೇಚಿಯ ಮನೆಯವರನ್ನೆಲ್ಲ ನನ್ನ ಕೋಣೆಗೆ ಕರೆದು ನೀರುದೋಸೆ ಹೊಯ್ಯಲು ಕೂತೆ. ಮೊದಲನೆಯದು ಕಾವಲಿಗೆ ಅಂಟಿತು, ಎರಡನೆಯದು ಹರಿಯಿತು. ಮೂರನೆಯದನ್ನು ಚೇಚಿ ಎರಡು ಕೈಯಲ್ಲಿ ಎತ್ತಿ ಹಿಡಿದು, ಅದರ ತೂತಿನೊಳಗಿಂದ ನನ್ನನ್ನು ಇಣುಕಿ ನೋಡಿ, "ಇದು ದೋಸೆಯಾ, ಬಲೆಯಾ ಟೀಚರೇ? ಮೀನು ಹಿಡಿಯಲಿಕ್ಕೆ ಹೋಗುದಾ?" ಎಂದರು. ಯಾರೋ ಗಟ್ಟಿಯಾಗಿ ನಕ್ಕರು. ಎಲ್ಲರೂ ನನ್ನತ್ತ ತಿರುಗಿದಾಗಲೇ ಗೊತ್ತಾಯಿತು, ನಕ್ಕದ್ದು ನಾನು.