ಟೆನಿಸ್ ಬ್ಯಾಟಿಗೆ ಕರುಳು ನೇಯ್ದವರು

ಹೋದ ತಿಂಗಳು ತಂಗಿಯ ಮನೆಗೆಂದು ಕೊಯಮತ್ತೂರಿಗೆ ಹೋಗಿದ್ದೆ. ಹೊಸದಾಗಿ ತೆರೆದ ಹೋಟೆಲೊಂದಕ್ಕೆ ಕಾಫಿ ಕುಡಿಯಲು ಕರೆದುಕೊಂಡು ಹೋದಳು. ಈಗಿನವರಿಗೆ ಹಳೇ ಸಾಮಾನನ್ನೆಲ್ಲ ಗೋಡೆಗೆ ನೇತುಹಾಕುವ ಹುಚ್ಚು ನೋಡಿ, ಅಲ್ಲೊಂದು ಲಾಂದ್ರ, ಒಂದು ರೇಡಿಯೋ, ಅವುಗಳ ನಡುವೆ ಒಂದು ಮರದ ಟೆನಿಸ್ ಬ್ಯಾಟು. ತಂತಿಗಳು ಅರ್ಧಕ್ಕರ್ಧ ಹರಿದು ಜೋತಾಡುತ್ತಿದ್ದವು. ಎದ್ದು ಹೋಗಿ ಮೂಗು ಹತ್ತಿರ ತಂದೆ. ಹಳೆಯ ವಾರ್ನಿಷಿನ ವಾಸನೆ, ಅದರ ಅಡಿಯಲ್ಲಿ ಒಣಗಿದ ತೊಗಲಿನಂಥ ಇನ್ನೊಂದು ವಾಸನೆ... ಹುಡುಗನೊಬ್ಬ ಓಡಿಬಂದು ಮುಟ್ಟಬೇಡಿ ಮೇಡಂ ಎಂದ. ಮುಟ್ಟಿದ್ದು ನಲವತ್ತು ವರ್ಷದ ಹಿಂದೆಯೇ ಆಗಿಹೋಗಿದೆ ಕಣಪ್ಪ, ಎಂದು ಅವನಿಗೆ ಹೇಳಿ ಏನು ಪ್ರಯೋಜನ? ಕಾಫಿ ಆರಿ ತಣ್ಣಗಾಯಿತು. ಯಾಕೆ ಹಿಂಗಿದೀಯ ಎಂದು ತಂಗಿ ಕೇಳಿದಳು. ಬೆನ್ನುನೋವು ಎಂದೆ.

ಕೊಯಮತ್ತೂರಿನಲ್ಲಿ ಗಣಪತಿ ಎಂಬ ಬಡಾವಣೆಯ ಕಡೆ ಹೋಗುವ ರಸ್ತೆಯ ಹಿಂದೆ, ಪಂಪು ಮಾಡುವ ಕಾರ್ಖಾನೆಗಳನ್ನು ದಾಟಿದರೆ ನಮ್ಮ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮೆದುರು ಮನೆಯಲ್ಲಿದ್ದವರನ್ನು ನಾನು ಮಾಮ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ. ಅವರ ಹೆಂಡತಿ ನನಗೆ ಅತ್ತೆ, ಅವರ ಒಬ್ಬಳೇ ಮಗಳು ನನಗಿಂತ ಹತ್ತು ವರ್ಷ ಚಿಕ್ಕವಳು. ಮಾಮನದು ಕಡಿಮೆ ಮಾತು. ಅವರ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತಿದ್ದೆ. ನಿನ್ನ ಬಾಯಿಗೆ ಬೀಗ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ಅತ್ತೆ ನಗುತ್ತಿದ್ದರು.

ಬೀದಿಯ ಕೊನೆಗೆ ನಮ್ಮ ಕುಲದ ಅಮ್ಮನ ಗುಡಿ. ನವರಾತ್ರಿಗೆ ಅಮ್ಮನಿಗೆ ಉಡಿಸುವ ಹೊಸ ಸೀರೆ ಮಾಮನ ಮಗ್ಗದಿಂದಲೇ ಹೋಗಬೇಕು. ಅವರ ಅಪ್ಪ ನೇಯ್ದಿದ್ದರು, ತಾತ ನೇಯ್ದಿದ್ದರು. ಆ ಸೀರೆಯ ಹಾಸನ್ನು ಮಗ್ಗಕ್ಕೆ ಕೂರಿಸಿದ ದಿನದಿಂದ ನೇಯ್ದು ಕೊಯ್ಯುವ ದಿನದವರೆಗೆ, ಹದಿನಾರು ದಿನ, ಮಾಮ ಒಪ್ಪೊತ್ತು ಇರುತ್ತಿದ್ದರು. ಬೆಳಗ್ಗೆ ಬಾವಿಯಲ್ಲಿ ಮಿಂದು ಒದ್ದೆ ಪಂಚೆಯಲ್ಲೇ ಮಗ್ಗದ ಗುಂಡಿಗೆ ಇಳಿಯುತ್ತಿದ್ದರು. ಆ ದಿನಗಳಲ್ಲಿ ನಾವು ಯಾರೂ ಆ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಸೀರೆ ಗುಡಿಗೆ ಹೊರಟಾಗ ಮುಂದೆ ನಾದಸ್ವರ, ಹಿಂದೆ ಮಾಮ, ತಲೆಯ ಮೇಲೆ ತಟ್ಟೆ. ಅವರಿಗೆ ಬೇರೆ ಮರ್ಯಾದೆ ಬೇಕಿರಲಿಲ್ಲ. ವರ್ಷಕ್ಕೊಂದು ಸಲ ಆ ನೂರು ಹೆಜ್ಜೆ ನಡೆದರೆ ಅವರ ವರ್ಷ ತುಂಬುತ್ತಿತ್ತು.

ಅವರಿಗೆ ಇನ್ನೊಂದು ಕಸುಬಿತ್ತು. ಊರಿನ ದೊಡ್ಡವರ ಕ್ಲಬ್ಬಿನಲ್ಲಿ ಪ್ರತಿವರ್ಷ ಪೊಂಗಲ್ ಮುಗಿದ ಮೇಲೆ ಟೆನಿಸ್ ಪಂದ್ಯಾವಳಿ ನಡೆಯುತ್ತಿತ್ತು. ಅದರ ಬ್ಯಾಟುಗಳಿಗೆ ತಂತಿ ಕಟ್ಟುತ್ತಿದ್ದವರು ಮಾಮ. ಮೊದಲು ಅದು ಮಿಲ್ಲಿನ ಮಾಲೀಕರು ತಮ್ಮತಮ್ಮೊಳಗೆ ಆಡಿಕೊಳ್ಳುವ ಆಟವಂತೆ. ಬೆಳ್ಳಿ ಲೋಟವೇ ಬಹುಮಾನ. ಅಂಗಣಕ್ಕೆ ಸಗಣಿ ಸಾರಿಸುತ್ತಿದ್ದರು, ನಮ್ಮ ಮನೆಯಂಗಳಕ್ಕೆ ಸಾರಿಸುವ ಹಾಗೆಯೇ. ಆಮೇಲೆ ಮದರಾಸಿನವರು ಬಂದರು, ಕಲ್ಕತ್ತೆಯವರು ಬಂದರು, ಕೊನೆಗೆ ಆಟವೇ ಹೊಟ್ಟೆಪಾಡಾದವರು ಹೊರದೇಶದಿಂದಲೂ ಬರತೊಡಗಿದರು. ಅಷ್ಟು ವರ್ಷವೂ ತಂತಿ ಹರಿದರೆ ಕ್ಲಬ್ಬಿನವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಹೆಸರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಟೈಪಿಂಗ್ ಪಾಸು ಮಾಡಿ ಅದೇ ಕ್ಲಬ್ಬಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಯಾರು ಯಾರ ಜೊತೆ ಆಡಬೇಕೆಂಬ ಪಟ್ಟಿ ಹೊಡೆಯುವುದು ನನ್ನ ಕೆಲಸ. ಕಿಟಕಿಯಿಂದ ನೋಡಿದರೆ ಮಾಮ ಕೂರುತ್ತಿದ್ದ ತಗಡಿನ ಕೊಟ್ಟಿಗೆ ಕಾಣುತ್ತಿತ್ತು. ಬ್ಯಾಟನ್ನು ಮರದ ಇಕ್ಕಳದಲ್ಲಿ ಬಿಗಿದು, ನೇರ ತಂತಿ ಹದಿನೆಂಟು ಎಳೆಯುತ್ತಿದ್ದರು. ತೂತಿನಲ್ಲಿ ದಬ್ಬಳ ಚುಚ್ಚಿ ಬಿಗಿ ಜಾರದಂತೆ ತಡೆದು, ಅಡ್ಡ ತಂತಿಯನ್ನು ಒಂದರ ಮೇಲೆ ಒಂದರ ಕೆಳಗೆ ಹಾಯಿಸುತ್ತಿದ್ದರು. ಕಣ್ಣು ಎಲ್ಲೋ ಇರುತ್ತಿತ್ತು, ಬೆರಳು ತನ್ನ ಪಾಡಿಗೆ ಹೋಗುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಅಲ್ಲಿಗೇ ಹೋಗುತ್ತಿದ್ದೆ.

"ಇದು ಹಾಸು, ಇದು ಹೊಕ್ಕು ಅಮ್ಮಿಣಿ. ಬೇರೆ ಏನಿಲ್ಲ. ನೇಯ್ಗೆ ಬಂದೋನಿಗೆ ಇದೂ ಬರುತ್ತೆ," ಎಂದರು ಒಂದು ದಿನ. ಆ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವುದೇ ಅಮ್ಮಿಣಿ ಎಂದು.

ಒಳ್ಳೆಯ ಆಟಗಾರರಿಗೆ ನೈಲಾನು ಆಗುವುದಿಲ್ಲ, ಕುರಿಯ ಕರುಳಿನ ತಂತಿಯೇ ಬೇಕು ಎಂದು ನನಗೆ ಗೊತ್ತಾದದ್ದು ಆ ಕೊಟ್ಟಿಗೆಯಲ್ಲೇ. ಪೊಟ್ಟಣದ ಮೇಲೆ ಅಚ್ಚಾಗಿತ್ತು. ನಮ್ಮ ಬೀದಿಯವರು ಅದನ್ನು ಪ್ಲಾಸ್ಟಿಕ್ ದಾರ ಎಂದುಕೊಂಡಿದ್ದರೋ, ಗೊತ್ತಿದ್ದೂ ಸುಮ್ಮನಿದ್ದರೋ... ಇವತ್ತಿಗೂ ನನಗೆ ಅನುಮಾನವೇ. ಯಾರೂ ಕೇಳಲಿಲ್ಲ, ಮಾಮ ಹೇಳಲಿಲ್ಲ. ಆದರೆ ಒಂದು ಸಂಗತಿ ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ಕ್ಲಬ್ಬಿನಿಂದ ಬಂದ ಸಂಜೆ ಮಾಮ ನೇರ ಬಾವಿಗೆ ಹೋಗುತ್ತಿದ್ದರು. ಸೀಗೆಪುಡಿಯಲ್ಲಿ ಮೊಣಕೈವರೆಗೆ ಉಜ್ಜಿ ತೊಳೆದು, ತಲೆಗೆ ನೀರು ಸುರಿದುಕೊಂಡ ಮೇಲೇ ಮನೆಯೊಳಗೆ ಕಾಲಿಡುತ್ತಿದ್ದರು. ನೋಡಿದ್ದೆ, ಆದರೆ ಯೋಚಿಸಿರಲಿಲ್ಲ. ಬುದ್ಧಿ ಇದ್ದವಳಾಗಿದ್ದರೆ ಅಷ್ಟು ಸಾಕಿತ್ತು.

ಆ ವರ್ಷ ಪಂದ್ಯಾವಳಿಗೆ ದೊಡ್ಡ ಬಹುಮಾನದ ಹಣ ಬಂತು. ಕ್ಲಬ್ಬಿನ ಕಾರ್ಯದರ್ಶಿಗೆ ನೆಲ ಕಾಣದಷ್ಟು ಸಂಭ್ರಮ. ಒಂದು ನೆನಪಿನ ಪುಸ್ತಕ ಮಾಡಿಸಬೇಕು, ಮೊದಲ ವರ್ಷದಿಂದ ಪಂದ್ಯಾವಳಿಯ ಚರಿತ್ರೆ ನಾಲ್ಕು ಪುಟ ಬರೆದುಕೊಡು ಎಂದು ನನಗೆ ಹೇಳಿದರು. ಹಳೆಯ ಕಡತ ತೆಗೆದು ಬರೆದೆ. ಯಾರು ಗೆದ್ದರು, ಯಾರು ಸೋತರು, ಯಾವ ಮಿಲ್ಲಿನವರು ಶಾಮಿಯಾನ ಕೊಟ್ಟರು, ಯಾವ ಕಲೆಕ್ಟರು ರಿಬ್ಬನ್ ಕತ್ತರಿಸಿದರು. ಬರೆದು ಮುಗಿಸಿ ಮೊದಲಿನಿಂದ ಓದಿದೆ. ರಿಬ್ಬನ್ ಕತ್ತರಿಸಿದವರ ಹೆಸರೆಲ್ಲ ಇತ್ತು, ಎಲ್ಲ ವರ್ಷವೂ ಎಲ್ಲರ ಬ್ಯಾಟು ಕಟ್ಟಿದವರ ಹೆಸರು ಒಂದು ಕಡೆಯೂ ಇರಲಿಲ್ಲ. ಹಾಳೆ ಮತ್ತೆ ಸಿಕ್ಕಿಸಿ ಒಂದು ಪ್ಯಾರಾ ಸೇರಿಸಿದೆ. ಮಾಮನ ಹೆಸರು, ನಮ್ಮ ಬೀದಿಯ ಹೆಸರು, ಮೊದಲ ವರ್ಷದಿಂದ ಇಂದಿನವರೆಗೆ ಕುರಿಯ ಕರುಳನ್ನು ಇವರಷ್ಟು ಚೆನ್ನಾಗಿ ಬಿಗಿದವರಿಲ್ಲ ಎಂದು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನನ್ನ ಬಾಯಿಗೆ ಹೇಗೆ ಬೀಗ ಇಲ್ಲವೋ ಕೈಗೂ ಇರಲಿಲ್ಲ. ಕುಲದೇವಿಗೆ ವರ್ಷ ವರ್ಷ ಸೀರೆ ನೇಯುವುದೂ ಇದೇ ಕೈ ಎಂದು ಸೇರಿಸಿದೆ. ಕಾರ್ಯದರ್ಶಿ ಓದಿ, ಭೇಷ್ ಎಂದರು.

ಪುಸ್ತಕ ಇಂಗ್ಲಿಷಿನಲ್ಲಿತ್ತು, ನಮ್ಮ ಬೀದಿಗೆ ಬರುವಂಥದ್ದಲ್ಲ. ಆದರೆ ಪಂದ್ಯ ಶುರುವಾದ ಮರುದಿನ ಒಂದು ತಮಿಳು ಪತ್ರಿಕೆಯವರು ಆ ಪ್ಯಾರಾ ಮಾತ್ರ ಎತ್ತಿ ಚೌಕ ಕಟ್ಟಿ ಹಾಕಿದರು. ಬೆಳಗ್ಗೆ ಬೀದಿಯ ತುದಿಯ ಟೀ ಅಂಗಡಿಯಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು ಕೊಳಾಯಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದೆ. ಮಾಮ ಬೆಂಚಿನ ಮೇಲೆ ಟೀ ಹಿಡಿದು ಕೂತಿದ್ದರು. ಅವರ ಹೆಸರು ಬಂದಾಗ ಎಲ್ಲರೂ ಅವರ ಕಡೆ ತಿರುಗಿದರು. ಮಾಮ ನಾಚಿಕೊಂಡು ತಲೆ ತಗ್ಗಿಸಿದರು, ಅವರ ಮುಖದಲ್ಲಿ ಅಂಥ ಸಂತೋಷ ನಾನು ಬೇರೆ ಯಾವತ್ತೂ ನೋಡಿಲ್ಲ. ಓದುವವರು ಓದುತ್ತಾ ಹೋದರು. ಕುರಿ ಎಂದರು, ಕರುಳು ಎಂದರು, ಅಮ್ಮನ ಸೀರೆ ಎಂದರು. ಓದುವ ದನಿ ಸಣ್ಣಗಾಯಿತು, ನಿಂತೇಹೋಯಿತು. ಮಾಮ ಗ್ಲಾಸು ಕೆಳಗಿಟ್ಟು ಎದ್ದು ಮನೆಗೆ ಹೋದರು. ನನ್ನ ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಗುಡಿಯ ಹಿರಿಯರು ನಾಲ್ವರು ಮಾಮನ ಮನೆಗೆ ಬಂದರು. ಒಳಗೆ ಬರಲಿಲ್ಲ. ಒಬ್ಬರ ಕೈಯಲ್ಲಿ ಬಾಳೆಲೆಯ ಮೇಲೆ ಮಡಚಿದ ಸೀರೆ ಇತ್ತು. ಹೋದ ನವರಾತ್ರಿಗೆ ಉಡಿಸಿ, ಶುಕ್ರವಾರಗಳಲ್ಲೂ ಉಡಿಸುತ್ತಿದ್ದ ಅರಿಶಿನ ಬಣ್ಣದ ಕೆಂಪಂಚಿನದು. ಜಗಲಿಯ ಮೇಲೆ ಇಟ್ಟರು. ಅತ್ತೆ ಬಾಗಿಲಿಗೆ ಬಂದವರು ಅದನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮಾಮ ಮಗ್ಗದಿಂದ ಎದ್ದು ಬಂದರು.

"ಹದಿನಾರು ದಿನ ಒಪ್ಪೊತ್ತು ಇದ್ದು ನೇಯ್ದೆ ಅಣ್ಣಾ," ಎಂದರು. ಅಷ್ಟೇ.

ಹಿರಿಯರಲ್ಲಿ ಒಬ್ಬರಿಗೆ ಕಣ್ಣು ಒದ್ದೆಯಾಗಿತ್ತು, ಅದನ್ನೂ ಹೇಳಬೇಕು. "ನಿನ್ ಮೇಲೆ ಏನೂ ಇಲ್ಲಪ್ಪ. ಊರು ಪೂರಾ ಓದಿಬಿಟ್ಟಿದೆ. ಓದಿದ ಮೇಲೆ ಹ್ಯಾಂಗೆ ಉಡಿಸೋದು?" ಎಂದರು. ಮುಂದಿನ ಸೀರೆ ಬೇರೆ ಮನೆಯಿಂದ ಎಂದು ಹೇಳಿ ಹೋದರು.

ಉಕ್ಕಡದ ಮಾರ್ಕೆಟ್ಟಿನಿಂದ ಭಾನುವಾರ ಮೀನು ತರುತ್ತಿದ್ದವರೇ ಅವರೆಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ನಮ್ಮ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ ನಾನು ಹೊರಗೆ ಬಂದು, ಬರೆದವಳು ನಾನು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟು ಮಾತಾಡುತ್ತಿದ್ದವಳಿಗೆ ಅವತ್ತು ಮಾತು ಬರಲಿಲ್ಲ. ಬರೆದದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಸುಡುತ್ತದೆ.

ಆ ಸೀರೆಯನ್ನು ಅತ್ತೆ ಉಡಲಿಲ್ಲ. ಅಮ್ಮ ಉಟ್ಟು ಬಿಟ್ಟದ್ದನ್ನು ಪ್ರಸಾದವೆಂದು ಉಡಬಹುದು, ಅಮ್ಮನ ಮೈಯಿಂದ ಬಿಚ್ಚಿಸಿ ತಂದದ್ದನ್ನು ಹೇಗೆ ಉಡುವುದು? ಅದು ಕೊನೆಗೆ ಏನಾಯಿತೋ ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಮಾಮ ಫೈನಲ್ಲಿನ ದಿನ ಕ್ಲಬ್ಬಿಗೆ ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ. ಮೂರು ಬ್ಯಾಟು ಕಟ್ಟಿದರು, ಒಂದೊಂದು ತಂತಿಯನ್ನೂ ಉಗುರಿನಿಂದ ಮೀಟಿ ಕಿವಿಗೊಟ್ಟು ನೋಡಿದರು. ನಾನು ಡಬ್ಬಿ ಹಿಡಿದು ಕೊಟ್ಟಿಗೆಯ ಹತ್ತಿರ ಹೋಗಿ, ಒಳಗೆ ಹೋಗದೆ ವಾಪಸ್ಸು ಬಂದೆ. ಆ ಬ್ಯಾಟಿನಲ್ಲಿ ಆಡಿದವನೇ ಗೆದ್ದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ ಮಾಮ ಬಸ್ಸು ಹತ್ತಿಯಾಗಿತ್ತು.

ಮರುವರ್ಷ ಕ್ಲಬ್ಬಿಗೆ ತಂತಿ ಕಟ್ಟುವ ಯಂತ್ರ ಬಂತು. ಮರದ ಬ್ಯಾಟು ಹಿಡಿದು ಬರುವವರೂ ಕಡಿಮೆಯಾದರು. ಸಗಣಿಯ ಅಂಗಣ ಅಗೆದು ಸಿಮೆಂಟು ಹಾಕಿದರು. ಇನ್ನೆರಡು ವರ್ಷ ಪಂದ್ಯಾವಳಿ ಜೋರಾಗಿಯೇ ನಡೆಯಿತು, ಆಮೇಲೆ ಹಣ ಕೊಡುವವರು ಬೇರೆ ಊರಿಗೆ ಹೋದರು, ಪಂದ್ಯಾವಳಿಯೂ ಅವರ ಹಿಂದೆ ಹೋಯಿತು. ನನಗೆ ಹೊಡೆಯಲು ಪಟ್ಟಿ ಇಲ್ಲದಂತಾಯಿತು. ಅದಕ್ಕೆ ಮೊದಲೇ ಮಾಮ ಮಗ್ಗ ಬಿಚ್ಚಿ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ತಿರುಪ್ಪೂರಿಗೆ, ತಮ್ಮನ ಮನೆಗೆ ಹೋಗಿದ್ದರು.

ನನ್ನ ಮದುವೆ ಚಾಮರಾಜನಗರದ ಕಡೆಗೆ ನಿಶ್ಚಯವಾದಾಗ ಲಗ್ನಪತ್ರಿಕೆ ಹಿಡಿದು ತಿರುಪ್ಪೂರಿಗೆ ಹೋದೆ. ಅಂಚೆಯಲ್ಲಿ ಕಳಿಸಬಹುದಿತ್ತು. ಎದುರಿಗೆ ನಿಂತು ತಪ್ಪು ಒಪ್ಪಿಕೊಳ್ಳಬೇಕು ಎಂದೇ ಹೋದದ್ದು. ಬನಿಯನ್ ಕಂಪನಿಯೊಂದರಲ್ಲಿ ಮಾಮ ನೆಲದ ಮೇಲೆ ಕೂತು ಬನಿಯನ್ ಮಡಚಿ ಡಬ್ಬಕ್ಕೆ ತುಂಬುತ್ತಿದ್ದರು. ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ನನ್ನನ್ನು ನೋಡಿ ಎದ್ದು, ಕೂರಲು ಸ್ಟೂಲು ತಂದು ಹಾಕಿದರು.

"ಕ್ಲಬ್ಬಿನಲ್ಲಿ ಈ ವರ್ಷ ಆಟ ಆಯ್ತಾ?" ಎಂದು ಕೇಳಿದರು.

"ನಿಂತೋಯ್ತು ಮಾಮಾ."

ಅವರು ಇನ್ನೊಂದು ಬನಿಯನ್ ಮಡಚಿ ಡಬ್ಬಕ್ಕೆ ಹಾಕಿದರು. ನಾನು ಬಸ್ಸಿನಲ್ಲಿ ನೂರು ಸಲ ಹೇಳಿಕೊಂಡು ಬಂದಿದ್ದ ಮಾತನ್ನು ಶುರುಮಾಡಿದೆ. ಮಾಮಾ, ಆ ಪೇಪರಿನಲ್ಲಿ... ಎನ್ನುವಷ್ಟರಲ್ಲಿ ಅವರು ಅಂಗಿಯ ಒಳಜೇಬಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ಆ ಪತ್ರಿಕೆಯ ತುಂಡು. ಮಡಚಿ ಮಡಚಿ ಗೆರೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿದ್ದವು.

"ನನ್ ಹೆಸರು ಅಚ್ಚಾಗಿರೋದು ಇದೊಂದೇ ಕಡೆ ಅಮ್ಮಿಣಿ. ಮಡಗಿದೀನಿ. ಹೆಸರು ಬರೋ ಗಂಟ ಓದ್ತೀನಿ, ಆಮೇಲೆ ಮಡಚಿಬಿಡ್ತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನ ಕೆಲಸದವರ ನಡುವೆ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನೀನು ಒಳ್ಳೇದಕ್ಕೇ ಬರೆದೆ, ಬಿಡು ಎಂದು ಮಾಮ ಲಗ್ನಪತ್ರಿಕೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಮದುವೆಗೆ ಬರಲಿಲ್ಲ. ಅಲ್ಲಿಗೆ ಬೀದಿಯವರೆಲ್ಲ ಬರುತ್ತಾರಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ನನಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ, ಯಾರದೋ ಗೃಹಪ್ರವೇಶದಲ್ಲಿ, ಎಲೆಗೆ ಅನ್ನ ಬಡಿಸುತ್ತಾ ಒಬ್ಬರು ಮಾತಿನ ನಡುವೆ ಹೇಳಿದರು.

ಕನ್ನಡ ಓದಲು ಬರೆಯಲು ನಾನು ಕಲಿತದ್ದು ಮದುವೆಯಾಗಿ ಈ ಕಡೆ ಬಂದ ಮೇಲೆ. ಹೋಟೆಲಿನಿಂದ ಬಂದ ಮಾರನೆಯ ದಿನವೇ ಇದನ್ನು ಬರೆಯಲು ಕೂತೆ. ಬರೆದು ಮುಗಿಸಿ ಮಾಮನ ಮಗಳಿಗೆ ಫೋನು ಮಾಡಿದೆ. ಅವಳು ಈಗ ಮತ್ತೆ ನಮ್ಮ ಆ ಬೀದಿಯಲ್ಲೇ ಇದ್ದಾಳೆ. ಅಪ್ಪನ ಬಗ್ಗೆ ಬರೆದಿದ್ದೇನೆ ಎಂದೆ.

"ಬರೀ ಅಕ್ಕಾ. ಅಪ್ಪನ್ನ ಯಾರು ನೆನೀತಾರೆ. ಹೆಸರು ಮಾತ್ರ ಬೇಡ."

"ಇದು ಕನ್ನಡದಲ್ಲಿದೆ ಕಣೆ. ನಮ್ ಬೀದೀಲಿ ಕನ್ನಡ ಓದೋರು ಯಾರಿದಾರೆ?"

"ಯಾರಾದ್ರೂ ಒಬ್ರು ಓದಿ ಹೇಳ್ತಾರೆ ಅಕ್ಕಾ. ಪೊಂಗಲ್ ಆದ್ಮೇಲೆ ತೈ ತಿಂಗಳಲ್ಲಿ ನನ್ ಮಗಳ ಮದುವೆ. ಗುಡಿ ಯಜಮಾನರ ಮನೆಗೇ ಕೊಡ್ತಿದೀವಿ."

ಮೊದಲು ಬರೆದ ಪ್ರತಿಯಲ್ಲಿ ಅವರ ಹೆಸರು ಪೂರ್ತಿಯಾಗಿ, ಇನಿಷಿಯಲ್ ಸಮೇತ, ಎಲ್ಲಾ ಕಡೆ ಇತ್ತು. ನಿನ್ನೆ ಕೂತು ಒಂದೊಂದನ್ನೇ ಹುಡುಕಿ ಹೊಡೆದುಹಾಕಿದೆ. ಹೊಡೆದ ಕಡೆಯೆಲ್ಲ ಮಾಮ ಎಂದು ಬರೆದೆ.