ಎಂಟನೆಯ ಶಾಲು

ಬೀಳ್ಕೊಡುಗೆ ಸಮಾರಂಭ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಚನ್ನಪಟ್ಟಣ ತಾಲ್ಲೂಕಿನಲ್ಲೇ ಇರಲಿಲ್ಲ. ಆಗ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ಕೊನೆಗೆ ಎಲ್ಲರೂ ಸೇರಿ ಒಂದು ಫೋಟೋ, ಆಮೇಲೆ ಗೇಟಿನವರೆಗೂ ಹೋಗಿ ಕೈಬೀಸುವುದು. ಹೊಂಗನೂರಿಗೆ ಹೋಗುವ ರಸ್ತೆಯಲ್ಲಿರುವ ವಿಶೇಷ ಮಕ್ಕಳ ಶಾಲೆಯನ್ನು ವಹಿಸಿಕೊಂಡ ಮೇಲೆ ಹೀಗೆ ಏಳು ಜನ ಟೀಚರುಗಳನ್ನು ಕಳುಹಿಸಿಕೊಟ್ಟಿದ್ದೆ. ಏಳು ಜನರೂ ವಿಶೇಷ ಶಿಕ್ಷಣದಲ್ಲೇ ಬಿ.ಎಡ್ ಮಾಡಿ ಬಂದವರು.

ಅಂಥವರು ಸಿಗುವುದೇ ಕಷ್ಟ. ಜಾಹೀರಾತು ಕೊಟ್ಟರೆ ಫೋನಿನಲ್ಲಿ ಮೊದಲ ಪ್ರಶ್ನೆ, "ಬೆಂಗಳೂರಿಂದ ಎಷ್ಟು ದೂರ ಮೇಡಂ?" ಎಂದು. ಹತ್ತಿರವೇ ಎನ್ನುತ್ತಿದ್ದೆ. ಬಂದು ನೋಡಿದವರು ಹತ್ತಿರ ಎನ್ನುವ ಮಾತಿಗೆ ನನ್ನ ನಿಘಂಟಿನಲ್ಲಿ ಬೇರೆಯೇ ಅರ್ಥವಿದೆ ಎಂದುಕೊಳ್ಳುತ್ತಿದ್ದರು. ಕೆಲವರು ಎರಡು ತಿಂಗಳು ಇದ್ದರು, ಒಬ್ಬಳು ಆರು ತಿಂಗಳು ಎಳೆದಳು. ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಈಗಿನ ಹುಡುಗಿಯರಿಗೆ ತಾಳ್ಮೆಯಿಲ್ಲ ಎಂದು ಒಂದೇ ಮಾತಿನಲ್ಲಿ ಲೆಕ್ಕ ಮುಗಿಸಿ, ಮುಂದಿನ ಜಾಹೀರಾತು ಬರೆಯಲು ಕೂರುತ್ತಿದ್ದೆ.

ಎಂಟನೆಯವಳು ರಾಮನಗರದ ಹುಡುಗಿ. ರೈಲಿನಲ್ಲಿ ಚನ್ನಪಟ್ಟಣಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಒಂಬತ್ತಕ್ಕೆಲ್ಲ ಶಾಲೆಯಲ್ಲಿರುತ್ತಿದ್ದಳು. ಮಾತು ಕಡಿಮೆ. ನಾನು ಜೋರು ಮಾಡಿದರೆ ಕನ್ನಡಕ ಒರೆಸಿಕೊಂಡು ಸುಮ್ಮನೆ ನಿಲ್ಲುವವಳು. ಇವಳೂ ಯುಗಾದಿ ದಾಟುವುದಿಲ್ಲ ಎಂದುಕೊಂಡೆ. ದಾಟಿದಳು.

ನಮ್ಮಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿ ಇದ್ದಳು. ಮಾತು ಬರುವುದಿಲ್ಲ. ಬೇಕಾದ್ದು ಏನೆಂದು ಹೇಳಲಾಗದೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು, ಮಣಿಕಟ್ಟಿನ ಹತ್ತಿರ ಚರ್ಮ ದಪ್ಪಗಟ್ಟಿಹೋಗಿತ್ತು. ಹೊಸ ಟೀಚರ್ ಅವಳಿಗೆ ಅಂಗೈಯಗಲದ ಚಿತ್ರದ ಕಾರ್ಡುಗಳನ್ನು ಮಾಡಿಕೊಟ್ಟಳು. ನೀರಿಗೆ ಲೋಟದ ಚಿತ್ರ, ಊಟಕ್ಕೆ ತಟ್ಟೆ, ಮನೆಗೆ ಹೋಗುವುದಕ್ಕೆ ಬಾಗಿಲು. ತಿಂಗಳುಗಟ್ಟಲೆ ಅದೇ ಕೆಲಸ. ಕಾರ್ಡು ಕೈಗಿಡುವುದು, ಅದನ್ನು ಅವಳಿಂದ ಪಡೆಯುವುದು, ತಕ್ಷಣ ಲೋಟ ಕೊಡುವುದು. ಇದೂ ಒಂದು ಪಾಠವಾ ಎಂದು ನನಗೆ ಒಳಗೊಳಗೇ ಅನ್ನಿಸಿದ್ದುಂಟು. ಒಂದು ಬೆಳಿಗ್ಗೆ ಅವಳ ತಾಯಿ ಗೇಟಿನಲ್ಲೇ ನನ್ನ ಕೈ ಹಿಡಿದುಕೊಂಡಳು. ಗೊಂಬೆ ಕೆಲಸಕ್ಕೆ ಹೋಗುವ ಆ ಹೆಂಗಸಿನ ಉಗುರಿನ ಸಂದಿಯಲ್ಲೆಲ್ಲ ಕೆಂಪು ಅರಗಿನ ಬಣ್ಣ.

"ರಾತ್ರಿ ಲೋಟದ ಚಿತ್ರ ತಂದು ನನ್ ಕೈಗೆ ಕೊಟ್ಲು ಕಣ್ರವ್ವ. ಹನ್ನೆರಡು ವರ್ಸಕ್ಕೆ ಈಗ ನೀರು ಕೇಳವ್ಳೆ ನನ್ ಮಗ್ಳು," ಎಂದಳು.

ಇಂಥ ಟೀಚರ್ ಹೋಗಿಬಿಟ್ಟರೆ ಏನು ಗತಿ ಎಂದು ನನಗೆ ಆವತ್ತೇ ಹೆದರಿಕೆ ಶುರುವಾಯಿತು. ವರ್ಷ ತುಂಬುವ ಹೊತ್ತಿಗೆ ಸರಿಯಾಗಿ ನಮ್ಮ ಆಯಾ ಬಂದು ಪಿಸುಗುಟ್ಟಿದಳು. ಈ ಆಯಾ ಹೊಂಗನೂರಿನ ರೇಷ್ಮೆಹುಳ ಸಾಕುವ ಮನೆಯವಳು, ಶಾಲೆಯ ಸುದ್ದಿಯೆಲ್ಲ ನನಗಿಂತ ಮೊದಲು ಇವಳಿಗೆ ಗೊತ್ತಾಗುತ್ತದೆ.

"ಟೀಚರಮ್ಮ ಕೆಲ್ಸ ಬುಡೋ ಲೆಟ್ರು ಬರ್ದು ಬ್ಯಾಗಲ್ಲಿ ಇಟ್ಕಂಡವ್ರೆ. ಬೆಂಗ್ಳೂರಾಗೆ ಯಾವ್ದೋ ದೊಡ್ ಸ್ಕೂಲಂತೆ."

ಕರೆದು ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಅದನ್ನೇ ಮಾಡಿದೆ. ವರ್ಷ ಪೂರೈಸಿದ್ದಕ್ಕೆ ಸನ್ಮಾನ ಇಟ್ಟುಕೊಂಡೆ. ನಾಲ್ಕು ಜನರ ಮುಂದೆ ಶಾಲು ಹೊದಿಸಿದರೆ ಹುಡುಗಿ ಮನಸ್ಸು ಕರಗಿ ಉಳಿದುಕೊಂಡಾಳು ಎಂದು ನನ್ನ ಎಣಿಕೆ. ಹಿಂದಿನ ಏಳಕ್ಕಿಂತ ಒಳ್ಳೆಯ ಶಾಲನ್ನೇ ತರಿಸಿದೆ, ಜರಿ ಅಂಚಿನದು.

ಆವತ್ತು ಮಕ್ಕಳೆಲ್ಲ ಜಮಖಾನೆಯ ಮೇಲೆ ಕೂತಿದ್ದರು, ತಾಯಂದಿರು ಗೋಡೆಗೊರಗಿ ಕೂತಿದ್ದರು. ನಾನು ಮಾತಾಡಿದೆ, ಸ್ವಲ್ಪ ಉದ್ದವೇ ಆಯಿತು. ಶಾಲು ಹೊದಿಸಿ ಹಾರ ಹಾಕಿದೆ. ಚಪ್ಪಾಳೆ ನಿಲ್ಲುವ ಮೊದಲೇ ಮಾತು ಬಾರದ ಆ ಹುಡುಗಿ ಎದ್ದು ನಿಂತಳು. ಕಿರುಚುತ್ತಾಳೆ ಎಂದುಕೊಂಡೆ. ಕಿರುಚಲಿಲ್ಲ. ನೆಟ್ಟಗೆ ಬಂದು ಟೀಚರ ಮೈಮೇಲಿದ್ದ ಶಾಲನ್ನು ಎಳೆದಳು. ಹಾರವನ್ನು ತಲೆಯ ಮೇಲಿಂದ ತೆಗೆದಳು, ಜೊತೆಗೆ ಕನ್ನಡಕವೂ ಬಿತ್ತು. ಶಾಲು, ಹಾರ ಎರಡನ್ನೂ ಹಿಡಿದುಕೊಂಡು ಒಂದು ಕ್ಷಣ ಅತ್ತಿತ್ತ ನೋಡಿ ನನ್ನ ಹತ್ತಿರ ಬಂದಳು. ಶಾಲನ್ನು ನನ್ನ ಹೆಗಲಿಗೆ ಹಾಕಿದಳು. ಹಾರವನ್ನು ನನ್ನ ಕೊರಳಿಗೆ ಹಾಕಿದಳು. ಹಣ್ಣಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ಕೈ ಹಿಡಿದು ಗೇಟಿನ ಕಡೆ ಎಳೆದುಕೊಂಡು ಹೊರಟಳು.

ಹೋದೆ. ಅವಳ ಹಿಡಿತ ಬಿಡಿಸಿಕೊಳ್ಳುವುದು ಸುಲಭವಲ್ಲ. ಗೇಟಿನ ಹತ್ತಿರ ನಿಲ್ಲಿಸಿ, ಕೊರಳಲ್ಲಿ ಯಾವಾಗಲೂ ನೇತಾಡುವ ಕಾರ್ಡಿನ ಚೀಲದಿಂದ ಒಂದನ್ನು ಹುಡುಕಿ ನನ್ನ ಬುಟ್ಟಿಯಲ್ಲಿಟ್ಟಳು. ಬಾಗಿಲಿನ ಚಿತ್ರ. ಮನೆಗೆ.

"ಅಯ್ಯೋ, ದೊಡ್ ಮೇಡಮ್ಮೋರ್ನೇ ಕಳಿಸ್ತಾವ್ಳೆ ಕಣ್ರವ್ವ!" ಎಂದು ಆಯಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ತಾಯಂದಿರೂ ನಕ್ಕರು. ನನಗೆ ಮೊದಲು ಬಂದದ್ದು ಕೋಪವೇ. ಟೀಚರ್ ಮಾತ್ರ ಓಡಿಬಂದಳು, ಕಣ್ಣಲ್ಲಿ ನೀರು.

"ಮೇಡಂ, ಇಷ್ಟು ದಿನ ಕಾರ್ಡು ಕೊಡ್ತಿದ್ದದ್ದು ತನಗೆ ಏನಾದ್ರೂ ಬೇಕಾದಾಗ ಮಾತ್ರ. ಇನ್ನೊಬ್ರ ವಿಷಯ ಹೇಳಿದ್ದು ಇದೇ ಮೊದಲು!"

ಆಗ ನನ್ನ ತಲೆಗೆ ಹೋಯಿತು. ಏಳು ಸಲ ಈ ಹುಡುಗಿ ಮುಂದಿನ ಸಾಲಿನಲ್ಲಿ ಕೂತು ನೋಡಿದ್ದಾಳೆ. ಯಾರಿಗೆ ಶಾಲು ಹೊದಿಸುತ್ತೇನೋ ಅವರು ಮರುದಿನ ಬರುವುದಿಲ್ಲ. ಶಾಲು ಎಂದರೆ ಗೌರವ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಕಲಿತಿದ್ದಳು. ಟೀಚರನ್ನು ಉಳಿಸಿಕೊಳ್ಳಲು ನಾನು ಮಾಡಿದ ಉಪಾಯ ಅವಳ ಲೆಕ್ಕದಲ್ಲಿ ಕಳುಹಿಸುವ ಏರ್ಪಾಡು. ಯಾರಾದರೂ ಹೋಗಲೇಬೇಕು ಎಂದಾದರೆ ಯಾರು ಹೋದರೆ ನಡೆಯುತ್ತದೆ ಎನ್ನುವುದನ್ನೂ ಅವಳೇ ತೀರ್ಮಾನಿಸಿದ್ದಳು. ಗಣಿತ ಕಲಿಸಿದವಳಾಗಿ ಹೇಳುತ್ತೇನೆ, ಲೆಕ್ಕ ಸರಿಯಾಗಿತ್ತು.

ಅವತ್ತು ಮಧ್ಯಾಹ್ನ ಆಫೀಸಿನಲ್ಲಿ ಟೀಚರನ್ನು ಕೂರಿಸಿಕೊಂಡು, ಏಳು ಜನರನ್ನು ಕೇಳದೇ ಬಿಟ್ಟಿದ್ದ ಪ್ರಶ್ನೆ ಕೇಳಿದೆ. ಯಾಕಮ್ಮ ಹೋಗಬೇಕು ಅಂತಿದ್ದೀಯ? ಬೆಂಗಳೂರು, ಸಂಬಳ, ಮದುವೆ, ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ ಎಂದು ಕಾದೆ.

"ನೀರು ಕುಡಿಯಕ್ಕಾಗಲ್ಲ ಮೇಡಂ," ಎಂದಳು.

ಅರ್ಥವಾಗಲಿಲ್ಲ. ನಾಚಿಕೊಂಡು ನಾಚಿಕೊಂಡು ಬಿಡಿಸಿ ಹೇಳಿದಳು. ಹನ್ನೊಂದು ಮಕ್ಕಳನ್ನು ಬಿಟ್ಟು ಒಂದು ನಿಮಿಷ ಹೊರಗೆ ಹೋಗುವ ಹಾಗಿಲ್ಲ. ಒಬ್ಬ ಓಡುತ್ತಾನೆ, ಒಬ್ಬಳಿಗೆ ಫಿಟ್ಸ್ ಬರುತ್ತದೆ. ಆಯಾ ಇದ್ದರೆ ಹೇಗೋ ಆಗುತ್ತದೆ, ಅವಳ ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದವೆಂದರೆ ಸೊಪ್ಪು ಹಾಕಲು ವಾರಗಟ್ಟಲೆ ರಜೆ. ಆ ದಿನಗಳಲ್ಲಿ ಇವಳು ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿಯುವುದಿಲ್ಲ. ಶೌಚಾಲಯಕ್ಕೆ ಹೋಗುವುದು ಸಂಜೆ ಮನೆಗೆ ಹೋದ ಮೇಲೆ. ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು, ನನಗೆ ನೆಗಡಿ ಎಂದು ಹೇಳಿ ರಜೆ ಹಾಕಿದ್ದಳು. ಮಗುವಿಗೆ ನೀರು ಕೇಳುವುದನ್ನು ಕಲಿಸಿದವಳಿಗೆ ನಮ್ಮ ಶಾಲೆಯಲ್ಲಿ ನೀರು ಕುಡಿಯಲು ಆಗುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಆಯಾ ಸುಮ್ಮನಿರಲಿಲ್ಲ. "ಹುಳಿನ್ ಮನೇಲೇ ಒಬ್ರು ಒರಗಿದ್ರೆ ಇನ್ನೊಬ್ರು ಸೊಪ್ಪು ಹಾಕ್ತೀವಿ. ಟೀಚರಮ್ಮನ್ನ ಒಸಿ ಬುಡಿಸೋರು ಯಾರವ್ರೆ ಇಲ್ಲಿ?"

ನನಗೆ ನಾಚಿಕೆಯಾಯಿತು, ಅದನ್ನು ಬೇರೆ ಮಾತಿನಲ್ಲಿ ಹೇಳಲಾರೆ. ತಾಳ್ಮೆಯಿಲ್ಲ ಎಂದು ನಾನು ಹೀಗಳೆದ ಆ ಏಳು ಜನ ಎಷ್ಟು ತಾಳಿಕೊಂಡಿದ್ದರೋ.

ವಾರದೊಳಗೆ ಹೊಂಗನೂರಿನಿಂದಲೇ ಇನ್ನೊಬ್ಬ ಆಯಾ ಬಂದಳು, ಅವಳದೂ ಹುಳ ಸಾಕುವ ಮನೆಯೇ. ಒಂದೇ ಷರತ್ತು, ಇಬ್ಬರ ಮನೆಯಲ್ಲೂ ಒಟ್ಟಿಗೆ ಹುಳ ಹಣ್ಣಾಗಿ ಗೂಡು ಕಟ್ಟಲು ನಿಲ್ಲಬಾರದು. ಇಬ್ಬರೂ ಹುಳದ ಮೊಟ್ಟೆ ತರುವ ಮೊದಲು ನನ್ನ ಆಫೀಸಿಗೆ ಬಂದು ತಾರೀಖು ಹೇಳುತ್ತಾರೆ. ಈಗ ನಮ್ಮ ಗೋಡೆಯ ಮೇಲೆ ಪಾಠದ ವೇಳಾಪಟ್ಟಿಯ ಪಕ್ಕದಲ್ಲೇ ಹುಳದ ವೇಳಾಪಟ್ಟಿಯೂ ಇದೆ, ತಪಾಸಣೆಗೆ ಬಂದ ಅಧಿಕಾರಿ ಅದನ್ನೇ ಹೆಚ್ಚು ಹೊತ್ತು ನೋಡಿದರು. ಹನ್ನೊಂದಕ್ಕೆ ಹತ್ತು ನಿಮಿಷ, ಮೂರಕ್ಕೆ ಹತ್ತು ನಿಮಿಷ ನಾನೇ ತರಗತಿಯಲ್ಲಿ ಕೂರುತ್ತೇನೆ. ಮೊದಲ ವಾರ ಒಬ್ಬ ನನ್ನ ಕೂದಲು ಹಿಡಿದು ಜಗ್ಗಿದ. ಟೀಚರ್ ಲೆಟರನ್ನು ಹರಿಯಲಿಲ್ಲ, "ಒಂದು ತಿಂಗಳು ನೋಡ್ತೀನಿ ಮೇಡಂ" ಎಂದಳು. ಮೂರು ವರ್ಷವಾಯಿತು, ಇನ್ನೂ ನೋಡುತ್ತಿದ್ದಾಳೆ. ಅವಳ ಮಾತು ಕೇಳಿ ಕನಕಪುರದಿಂದ ಒಬ್ಬಳು, ಮಾಗಡಿಯಿಂದ ಒಬ್ಬಳು ಬಂದು ಸೇರಿದರು. ಜಾಹೀರಾತು ಬರೆಯುವುದನ್ನು ನಾನು ಮರೆತೇಬಿಟ್ಟಿದ್ದೇನೆ.

ಬರುವ ಏಪ್ರಿಲ್‌ಗೆ ನನ್ನ ಕುರ್ಚಿಯನ್ನು ಆ ಟೀಚರಿಗೆ ಬಿಟ್ಟುಕೊಡುತ್ತಿದ್ದೇನೆ. ಎಂಟನೆಯ ಶಾಲು ನನ್ನ ಬೀರುವಿನಲ್ಲೇ ಇದೆ. ಅದನ್ನು ನನಗೆ ಹೊದಿಸಬೇಕಾದವಳು ಕಾರ್ಡಿನ ಆ ಹುಡುಗಿಯೇ, ಈಗ ಅವಳಿಗೆ ಹದಿನೈದು, ಗೇಟಿನವರೆಗೂ ಕೈ ಹಿಡಿದು ಬರಬೇಕು ಎಂದು ಟೀಚರಿಗೆ ಹೇಳಿಟ್ಟಿದ್ದೇನೆ.

"ಈಗ ಅವಳ ಚೀಲದಲ್ಲಿ 'ನಾಳೆ ಬಾ' ಅನ್ನೋ ಕಾರ್ಡೂ ಇದೆ ಮೇಡಂ," ಎಂದಳು ಟೀಚರ್. "ಅವತ್ತು ಯಾವುದು ಕೊಡ್ತಾಳೋ ಹೇಳಕ್ಕಾಗಲ್ಲ."

ಯಾವುದು ಕೊಟ್ಟರೂ ನನಗೆ ಒಂದೇ ಎಂದೆ. ಸುಳ್ಳು ಹೇಳಿದೆ.