ಹರವಿಯ ಮೇಲಿನ ಕ್ಯಾಮೆರಾ

ಕಾಕಾರ ಎಡಗೈಯಲ್ಲಿ ಹೆಬ್ಬೆರಳು ದಪ್ಪದ ನರವೊಂದು ಹಗ್ಗದಂತೆ ಉಬ್ಬಿತ್ತು; ಮುಟ್ಟಿದರೆ ಒಳಗೆ ಜೇನುಹುಳ ಸಿಕ್ಕಿಕೊಂಡಂತೆ ಗುಂಯ್‌ಗುಡುತ್ತಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲು ಡಾಕ್ಟರರು ಮಾಡಿಟ್ಟ ಜಾಗ ಅದು. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿಬರುತ್ತಿದ್ದರು. ದಿನಕ್ಕೆ ಅರ್ಧ ಲೀಟರ್ ನೀರು ಮಾತ್ರ ಕುಡಿಯಬೇಕೆಂಬ ಕಟ್ಟಪ್ಪಣೆ. ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಂಡಿದ್ದರು.

ಕಾಕಾ ನಮ್ಮ ಬಾಜು ಮನೆಯವರು. ಅಣ್ಣಿಗೇರಿ ಸುತ್ತಲಿನ ಮದುವೆಗಳ ವಿಡಿಯೊ ತೆಗೆಯುವುದು ಅವರ ಉದ್ಯೋಗ. ಸಾಯುವ ಮುಂಚೆ ತಮ್ಮದೇ ಒಂದು ಸಿನಿಮಾ ಆಗಬೇಕೆಂಬ ಹಟ ಹಿಡಿದರು. ಅದಕ್ಕೆ ಕಥೆಯಿಲ್ಲ, ಹಾಡಿಲ್ಲ. ನಮ್ಮ ಅಡುಗೆಮನೆಯಲ್ಲಿ ಕುಡಿಯುವ ನೀರಿನ ಹರವಿಯ ಮೇಲೆ ಕ್ಯಾಮೆರಾ ಕಟ್ಟಿದರು.

"ಮನಷ್ಯಾಗ ಏನ್ ಬೇಕು ಅನ್ನೂದು ಇಲ್ಲೇ ಗೊತ್ತಾಗ್ತದ. ನೀ ಹೆಂಗೂ ಡೈರಿ ಬರಿಯಾಕಿ. ಯಾರು ಎಷ್ಟು ಸಲ ಕುಡದ್ರು, ಬರಿ," ಎಂದು ನನಗೆ ಹೇಳಿದರು.

ಮೂರು ದಿನ ಬರೆದೆ. ಅಪ್ಪ ದಿನಕ್ಕೆ ಒಂಬತ್ತು, ತಮ್ಮ ಏಳು, ನಾನು ಎರಡು. ಅವ್ವ ನಸುಕಿನಲ್ಲಿ ಒಂದು, ಆಮೇಲೆ ಕತ್ತಲಾಗುವ ತನಕ ಸೊನ್ನೆ. ನಾನು ತಪ್ಪಿ ಬರೆದಿರಬೇಕೆಂದು ಕಾಕಾ ಚಿತ್ರವನ್ನು ಮತ್ತೆ ಓಡಿಸಿ ನೋಡಿದರು. ಎಲ್ಲರಿಗೂ ನೀರು ತುಂಬಿ ಕೊಡುವ ಕೈ ಅವ್ವನದೇ. ಅವಳ ಬಾಯಿಗೆ ಮಾತ್ರ ಹೋಗಿರಲಿಲ್ಲ. ಕಾರಣ ನನಗೆ ಗೊತ್ತಿತ್ತು, ಬರೆದಿರಲಿಲ್ಲ.

ಹಗಲು ಯಾಕೆ ಕುಡಿಯುವುದಿಲ್ಲವೆಂದು ಹರವಿಯ ಮುಂದೆಯೇ ಅವಳನ್ನು ಕೇಳಿದರು. ಕ್ಯಾಮೆರಾ ಓಡುತ್ತಿತ್ತು. ಅವ್ವ ನಕ್ಕಳು.

"ಕುಡದ್ರ ಹೋಗಬೇಕಾಗ್ತದಲ್ರೀ ಅಣ್ಣಾರ. ಹಗಲಹೊತ್ತು ಬೈಲಕಡಿ ಹೆಂಗ ಹೋಗ್ಲಿ?"

ಹಿತ್ತಲಲ್ಲಿ ಪಾಯಖಾನೆ ಇತ್ತು. ಕಟ್ಟಿಸಿದ ವರ್ಷವೇ ಅಪ್ಪ ಅದರ ತುಂಬ ಹೊಟ್ಟಿನ ಚೀಲ ಒಟ್ಟಿದ್ದ.

ಕಾಕಾ ನಗಲಿಲ್ಲ. "ನನಗ ಡಾಕ್ಟರ್ ಬ್ಯಾಡಂದಾರ. ನಿನಗ ಯಾರು ಬ್ಯಾಡಂದಾರವಾ, ತಂಗಿ?"

ಭಾನುವಾರ ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ನಮ್ಮ ಪಡಸಾಲೆಯ ಗೋಡೆಯ ಮೇಲೆ ಓಣಿಯವರಿಗೆಲ್ಲ ಚಿತ್ರ ತೋರಿಸಿದರು.

"ಹೀರೋ ಎಲ್ಲದಾನಲೇ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹರವೀನ ಹೀರೋ!"

ಅಪ್ಪನೂ ನಕ್ಕ. ಕೊನೆಗೆ ಅವ್ವನ ಮಾತು ಕೇಳಿಸಿತು. ಮೊದಲು ಸುಮ್ಮನಾದವರು ಹೆಂಗಸರು. ಅಪ್ಪ ಎದ್ದು, "ಮನಿ ಮರ್ಯಾದಿ ಗ್ವಾಡಿಗೆ ಹಚ್ಚಿದ್ಯಲ್ಲೋ," ಎಂದು ಕಾಕಾರನ್ನು ಹೊರಗೆ ಕಳಿಸಿದ. ಅಂದಿನಿಂದ ಅವರೊಡನೆ ಮಾತು ಬಿಟ್ಟ.

ಹನ್ನೊಂದನೆಯ ದಿನ ಕಾಕಾ ತೀರಿಕೊಂಡರು. ಮಣ್ಣು ಕೊಟ್ಟು ಬಂದ ಅಪ್ಪ ಸ್ನಾನಕ್ಕೂ ಹೋಗದೆ ಹಿತ್ತಲಿಗೆ ನಡೆದು, ಚೀಲಗಳನ್ನು ಒಂದೊಂದಾಗಿ ಎಳೆದು ಹೊರಗೆ ಎಸೆದ.

ಪಾಯಖಾನೆಯ ಬಾಗಿಲೇನೋ ತೆರೆಯಿತು. ಅವ್ವ ಮಾತ್ರ ಈಗಲೂ ಹಗಲು ತಾನಾಗಿ ನೀರು ಮುಟ್ಟುವುದಿಲ್ಲ. "ಇಪ್ಪತ್ತು ವರ್ಷ ಆತು. ನೀರಡಿಕೀನ ಆಗೂದಿಲ್ಲವಾ," ಎನ್ನುತ್ತಾಳೆ. ದಿನಾ ಮಧ್ಯಾಹ್ನ ಒಂದು ಗ್ಲಾಸು ತುಂಬಿ ಅವಳ ಕೈಗೆ ಕೊಡುತ್ತೇನೆ. ಅದು ಬರಿದಾಗುವವರೆಗೆ ಎದುರಿಗೇ ನಿಲ್ಲುತ್ತೇನೆ.